ಸ್ಟೆಪ್ ಫೈಲ್ ಸ್ಲೈಡ್‌ನಲ್ಲಿ ತಿರುಗಬೇಕೆಂದರೆ

ಗೇರ್‌ಬಾಕ್ಸ್‌ನ ಸ್ಟೆಪ್ ಫೈಲನ್ನು (ಕ್ಯಾಡ್ ಸಾಫ್ಟ್‌ವೇರ್‌ಗಳು ಬಳಸುವ ತ್ರೀಡಿ ಡಿಸೈನ್ ಫೈಲ್) ಪವರ್‌ಪಾಯಿಂಟ್ ತೆಗೆದುಕೊಳ್ಳುತ್ತಿಲ್ಲ, ಸ್ಲೈಡ್‌ನಲ್ಲೇ ತಿರುಗಿಸಿ ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಫೈಲ್ ಸರಿಯಾಗೇ ಇದೆ. ಪವರ್‌ಪಾಯಿಂಟ್‌ಗೆ ಸ್ಟೆಪ್ ಓದಲು ಬರುವುದಿಲ್ಲ, ಅಷ್ಟೇ. ಅದಕ್ಕೆ ಜಿಎಲ್‌ಬಿ, ಒಬಿಜೆ, ಎಸ್‌ಟಿಎಲ್ ಥರದ ಮೆಶ್ ಫೈಲ್ ಬೇಕು, ಅಂದರೆ ಆಕಾರವನ್ನು ಸಣ್ಣ ತ್ರಿಕೋನಗಳಾಗಿ ಒಡೆದಿಟ್ಟ ಫೈಲ್. ಜಿಎಲ್‌ಬಿಯನ್ನೇ ಆರಿಸಿ. ಎಸ್‌ಟಿಎಲ್‌ನಲ್ಲಿ ಬಣ್ಣ ಉಳಿಯುವುದಿಲ್ಲ. ಗೇರು, ಶಾಫ್ಟು, ಕೇಸಿಂಗ್ ಎಲ್ಲ ಒಂದೇ ಮುದ್ದೆಯಂತೆ ಕಾಣುತ್ತವೆ.

ಫ್ರೀಕ್ಯಾಡ್ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸ್ಟೆಪ್ ತೆರೆದು ಜಿಎಲ್‌ಬಿ ಆಗಿ ಎಕ್ಸ್‌ಪೋರ್ಟ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಅದಕ್ಕೂ ಮುಂಚೆ ಹೊರಗೆ ಕಾಣದ ಬೋಲ್ಟು, ವಾಷರು, ಬೇರಿಂಗ್ ಗುಂಡು ಎಲ್ಲ ಅಳಿಸಿ. ಒಂದು ಬೋಲ್ಟಿನ ಥ್ರೆಡ್ಡೇ ಮೆಶ್ ಆದಾಗ ಸಾವಿರಾರು ತ್ರಿಕೋನಗಳಾಗಿ ಒಡೆಯುತ್ತದೆ. ಸ್ಲೈಡ್ ತಡವರಿಸುವುದು ಹೆಚ್ಚಾಗಿ ಇದರಿಂದಲೇ. ಒಳಗಿನ ಭಾಗ ಅಳಿಸುವುದರಿಂದ ಇನ್ನೊಂದು ಲಾಭವೂ ಇದೆ: ಪಿಪಿಟಿ ಕಳಿಸಿದರೆ ಮಾಡೆಲ್ ಕೂಡ ಅದರೊಳಗೇ ಹೋಗುತ್ತದೆ, ಯಾರು ಬೇಕಾದರೂ ಹೊರತೆಗೆಯಬಹುದು. ಒಳಗಿನ ಡಿಸೈನ್ ಸುಮ್ನೆ ಯಾಕೆ ಹಂಚಬೇಕು, ಅಲ್ವಾ?

ಆಮೇಲೆ ಇನ್ಸರ್ಟ್ ಮೆನುವಿನ ತ್ರೀಡಿ ಮಾಡೆಲ್ಸ್‌ನಿಂದ ಸೇರಿಸಿ. ಪವರ್‌ಪಾಯಿಂಟ್ 2019 ಅಥವಾ ಅದರ ನಂತರದ ಆವೃತ್ತಿ, ಇಲ್ಲವೇ ಮೈಕ್ರೋಸಾಫ್ಟ್ 365 ಇರಬೇಕು. ಎಡಿಟ್ ಮಾಡುವಾಗ ನಡುವಿನ ಹಿಡಿಕೆ ಎಳೆದರೆ ಮಾಡೆಲ್ ಎಲ್ಲ ಕಡೆಗೂ ತಿರುಗುತ್ತದೆ. ಶೋ ನಡೆಯುವಾಗ ಮೌಸ್‌ನಿಂದ ಹಾಗೆ ಆಗುವುದಿಲ್ಲ. ಅಲ್ಲಿ ಮಾರ್ಫ್ ಬಳಸಿ: ಸ್ಲೈಡನ್ನು ಡೂಪ್ಲಿಕೇಟ್ ಮಾಡಿ, ಎರಡನೆಯದರಲ್ಲಿ ಮಾಡೆಲ್ ತಿರುಗಿಸಿ, ಅದಕ್ಕೆ ಮಾರ್ಫ್ ಟ್ರಾನ್ಸಿಷನ್ ಕೊಡಿ. ಒಂದು ಕ್ಲಿಕ್‌ಗೆ ನಯವಾಗಿ ತಿರುಗುತ್ತದೆ.

ಕೇಳಿದವರಿಗೆ ಬೇಕಾದ ಕೋನದಲ್ಲೇ ತೋರಿಸಬೇಕೆಂದರೆ ಇಡ್ರಾಯಿಂಗ್ಸ್ ಥರದ ವ್ಯೂವರ್‌ನಲ್ಲಿ ಮಾಡೆಲ್ ಮೊದಲೇ ತೆರೆದಿಟ್ಟುಕೊಳ್ಳಿ. ಆಲ್ಟ್-ಟ್ಯಾಬ್ ಒತ್ತಿದರೆ ಸಾಕು.