ಚಿಹ್ನೆ ಎರಡಿದ್ದರೆ ಎರಡೂ ತಿರುಗಬೇಕು

ನಮಸ್ಕಾರ.

ಸಂಯುಕ್ತ ಅಸಮತೆಗಳನ್ನು, ಅಂದರೆ ‘ಮತ್ತು’ ಅಥವಾ ‘ಅಥವಾ’ದಿಂದ ಜೋಡಿಸಿದ ಎರಡು ಹೆಚ್ಚು-ಕಡಿಮೆ ಹೋಲಿಕೆಗಳನ್ನು, ಬಿಡಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಮೊದಲ ಪುಟ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಮುಖ್ಯ ಉದಾಹರಣೆಯ ಉತ್ತರವೇ ತಪ್ಪಾಗಿದೆ.

ನಿಮ್ಮ ಲೆಕ್ಕ: −5 < 3 − 2ಕ್ಷ ≤ 9. ಮೂರೂ ಕಡೆ 3 ಕಳೆದು −8 < −2ಕ್ಷ ≤ 6 ಎಂದಿದ್ದೀರಿ, ಅಲ್ಲಿಯವರೆಗೆ ಸರಿ. −2ರಿಂದ ಭಾಗಿಸುವಾಗ ಎಡಗಡೆಯ ಚಿಹ್ನೆ ಮಾತ್ರ ತಿರುಗಿದೆ, ಹಾಗಾಗಿ 4 > ಕ್ಷ ≤ −3 ಎಂದು ನಿಂತಿದೆ. ಇದನ್ನು ನಂಬಿದರೆ −10 ಕೂಡ ಉತ್ತರವಾಗಬೇಕು. ಹಾಕಿ ನೋಡಿ: 3 + 20 = 23, ಅದು 9ನ್ನು ದಾಟಿಬಿಟ್ಟಿತು. ಸರಿಯಾದದ್ದು 4 > ಕ್ಷ ≥ −3. ಚಿಕ್ಕದನ್ನು ಎಡಕ್ಕಿಟ್ಟರೆ −3 ≤ ಕ್ಷ < 4. ಹೀಗೆ ತಿರುಗಿಸಿ ಬರೆಯುವಾಗ ಚಿಹ್ನೆಯ ಕೆಳಗಿನ ‘ಸಮ’ ಸೂಚಿಸುವ ಗೆರೆ −3ರ ಪಕ್ಕದಲ್ಲೇ ಉಳಿಯಬೇಕು, ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಸಂಖ್ಯಾರೇಖೆಯಲ್ಲಿ −3ಕ್ಕೆ ತುಂಬಿದ ಚುಕ್ಕೆ, 4ಕ್ಕೆ ಖಾಲಿ ವೃತ್ತ.

ಈ ತಪ್ಪಿನ ಬೇರು ‘ಋಣಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ, ಇದು ನಿಯಮ’ ಎಂಬ ನಿಮ್ಮ ಒಂದೇ ಸಾಲಿನಲ್ಲಿದೆ. ಕಾರಣ ಹೇಳಿ. 2 < 5. ಎರಡನ್ನೂ −1ರಿಂದ ಗುಣಿಸಿದರೆ ಸೊನ್ನೆಯ ಆಚೆ ಬದಿಗೆ ಹೋಗುತ್ತವೆ, ಅಲ್ಲಿ ಹೆಚ್ಚು ದೂರವಿರುವ −5 ಚಿಕ್ಕದಾಗುತ್ತದೆ. ಸಾಲಿನಲ್ಲಿರುವ ಮೂರೂ ಪದಗಳು ಆಚೆ ಹೋಗುತ್ತವೆಂದು ಕಂಡವರು ಒಂದೇ ಚಿಹ್ನೆ ತಿರುಗಿಸಿ ಸುಮ್ಮನಾಗುವುದಿಲ್ಲ.

‘ಅಥವಾ’ ಭಾಗದಲ್ಲಿ ‘ಕ್ಷ < −1 ಅಥವಾ ಕ್ಷ > 5’ ಎಂಬುದನ್ನು ಚಿಕ್ಕದಾಗಿಸಲು 5 < ಕ್ಷ < −1 ಎಂದು ಬರೆದಿದ್ದೀರಿ. ಇದು 5ಕ್ಕಿಂತ −1 ದೊಡ್ಡದು ಎಂದಂತೆ! ಒಟ್ಟಿಗೆ ಕಟ್ಟಿ ಬರೆಯುವ ರೂಪ ‘ಮತ್ತು’ವಿಗೆ ಮಾತ್ರ, ಅಂದರೆ ಎರಡು ಗಣಗಳ ಛೇದನಕ್ಕೆ (ಎರಡರಲ್ಲೂ ಇರುವ ಬೆಲೆಗಳಿಗೆ). ‘ಅಥವಾ’ ಸಂಯೋಗ (ಯಾವುದಾದರೂ ಒಂದರಲ್ಲಿದ್ದರೂ ಸಾಕು), ಅದನ್ನು ಎರಡು ತುಂಡಾಗಿಯೇ ಬಿಡಿ.

ನೀವು ಮುಟ್ಟದೇ ಬಿಟ್ಟ ಬಗೆಯೊಂದಿದೆ: 2ಕ್ಷ − 1 < 3ಕ್ಷ + 2 < ಕ್ಷ + 10. ಇಲ್ಲಿ ಮೂರೂ ಕಡೆ ಒಂದೇ ಸಂಖ್ಯೆ ಕಳೆಯುತ್ತ ಹೋದರೆ ಕ್ಷ ನಡುವೆ ಒಂಟಿಯಾಗುವುದೇ ಇಲ್ಲ. ಎರಡಾಗಿ ಒಡೆಯಬೇಕು. ಮೊದಲನೆಯದು ಕ್ಷ > −3 ಕೊಡುತ್ತದೆ, ಎರಡನೆಯದು 2ಕ್ಷ < 8, ಅಂದರೆ ಕ್ಷ < 4. ಎರಡೂ ಕೂಡಿದರೆ −3 < ಕ್ಷ < 4. ಇದನ್ನು ಖಂಡಿತ ಸೇರಿಸಿ. ‘ಕ್ಷ > 5 ಮತ್ತು ಕ್ಷ < 2’ಕ್ಕೆ ಪರಿಹಾರವೇ ಇಲ್ಲ ಎಂಬುದಕ್ಕೆ ಒಂದು ಸಾಲು ಸಾಕು.

ತಿದ್ದಿ ಕಳಿಸುವ ಮುನ್ನ ಪ್ರತಿ ಉತ್ತರಕ್ಕೂ ಎರಡು ತುದಿ ಮತ್ತು ನಡುವಿನ ಒಂದು ಬೆಲೆಯನ್ನು ಮೂಲ ಲೆಕ್ಕದಲ್ಲಿ ಹಾಕಿ ನೋಡಿ. ಮೊದಲ ಉದಾಹರಣೆಯಲ್ಲಿ −3ಕ್ಕೆ 9, 0ಗೆ 3 ಬಂದು ಒಪ್ಪುತ್ತವೆ; 4ಕ್ಕೆ −5 ಬಂದು ಹೊರಗುಳಿಯುತ್ತದೆ. ಈ ಪರೀಕ್ಷೆಯನ್ನೂ ಲೇಖನದಲ್ಲೇ ತೋರಿಸಿ.