ನಿಮ್ಮ ಲೇಖನದಲ್ಲಿ ಮಂಜುಗಡ್ಡೆಗೆ ತೂಕವೇ ಇಲ್ಲ

ಪ್ರಿಯ ಲೇಖಕರೇ,

‘ಹಿಮದ ಮಡಿಲಲ್ಲಿ ಮೃತ್ಯು’ ಕೈ ಸೇರಿತು. 1968ರ ಚಳಿಗಾಲದಲ್ಲಿ ಇಂಗ್ಲೆಂಡಿನ ಹಲ್ ಬಂದರಿನಿಂದ ಉತ್ತರದ ಸಮುದ್ರಕ್ಕೆ ಮೀನು ಹಿಡಿಯಲು ಹೋದ ಮೂರು ಟ್ರಾಲರ್‌ಗಳು ಒಂದೇ ತಿಂಗಳೊಳಗೆ ಮುಳುಗಿ, 58 ಜನ ಸತ್ತ ಕಥೆ. ಟೈಟಾನಿಕ್ ಬಿಟ್ಟು ಬೇರೆ ಹಡಗು ಹುಡುಕಿದ್ದೀರಿ, ಖುಷಿಯಾಯಿತು. ಬರವಣಿಗೆ ಓದಿಸಿಕೊಂಡು ಹೋಗುತ್ತದೆ. ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಇಷ್ಟು ಸಾಕು. ನನಗೆ ರೇಗಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ.

ಮೂರನೇ ಪ್ಯಾರಾ. “ರಾಸ್ ಕ್ಲೀವ್‌ಲ್ಯಾಂಡ್ ಹಡಗು ಬಿಳಿ ಸೀರೆ ಉಟ್ಟ ಮದುಮಗಳಂತೆ ಸಾವಿಗಾಗಿ ಕಾದು ನಿಂತಿತ್ತು.”

ನಿಂತಿತ್ತಾ? ವಾಯವ್ಯ ಐಸ್‌ಲ್ಯಾಂಡಿನ ಇಸಾಫ್ಯೋರ್ಡ್‌ನಲ್ಲಿ, ಫೆಬ್ರುವರಿ 4ರ ರಾತ್ರಿ, ಆ ಬಿರುಗಾಳಿಯಲ್ಲಿ? ಅಲ್ಲಿಗೆ ಅದು ಆಸರೆ ಹುಡುಕಿಕೊಂಡು ಬಂದಿತ್ತು. ಆ ಬಿಳಿ ಸೀರೆ ಯಾವುದು ಅಂತಲಾದರೂ ಯೋಚಿಸಿದಿರಾ? ಅಲೆ ಒಡೆದು ಹಾರಿದ ನೀರು ಚಳಿಗೆ ಕೊರೆಯುತ್ತಿರುವ ಕಬ್ಬಿಣಕ್ಕೆ ಬಡಿದು ಅಲ್ಲೇ ಗಟ್ಟಿಯಾಗುತ್ತದೆ. ಹಗ್ಗದ ಮೇಲೆ, ಕಂಬದ ಮೇಲೆ, ರೇಡಾರ್ ಮೇಲೆ. ಮುಂದಿನ ಅಲೆ ಬಂದು ಅದರ ಮೇಲೆ ಇನ್ನೊಂದು ಪದರ ಕೂರಿಸುತ್ತದೆ. 10 ಸೆಂಟಿಮೀಟರ್ ದಪ್ಪ ಕೂತರೆ ಚದರ ಮೀಟರಿಗೆ ಸುಮಾರು 90 ಕೆ.ಜಿ. ನೂರು ಚದರ ಮೀಟರಿಗೆ 9 ಟನ್. ಅದೂ ಹಡಗಿನ ತಲೆಯ ಮೇಲೆ. ಹೊಟ್ಟೆಯಲ್ಲೂ ಐಸ್ ಇತ್ತು, ಮೀನು ಕೆಡದಿರಲಿ ಅಂತ ಬಂದರಿನಿಂದ ತುಂಬಿಕೊಂಡು ಬಂದದ್ದು. ಕೆಳಗಿನ ಭಾರ ಹಡಗನ್ನು ನೆಟ್ಟಗೆ ಹಿಡಿಯುತ್ತದೆ, ಮೇಲಿನ ಭಾರ ಮಗುಚುತ್ತದೆ. ವಾಲಿದ ಹಡಗು ವಾಪಸ್ ಏಳಲು ತಡ ಮಾಡತೊಡಗಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಒಂದು ಸಲ ವಾಲಿದ್ದು ಏಳುವುದೇ ಇಲ್ಲ.

2017ರಿಂದ ಜಾರಿಯಲ್ಲಿರುವ ಪೋಲಾರ್ ಕೋಡ್, ಅಂದರೆ ಧ್ರುವ ಸಮುದ್ರಗಳಲ್ಲಿ ಓಡಾಡುವ ಹಡಗುಗಳ ಅಂತರರಾಷ್ಟ್ರೀಯ ನಿಯಮ, ಈ ಭಾರವನ್ನು ಲೆಕ್ಕದಲ್ಲೇ ಹಿಡಿಯುತ್ತದೆ. ಮಂಜುಗಡ್ಡೆ ಕಟ್ಟುವ ಕಡೆ ಓಡಾಡುವ ಹಡಗಿನ ತೆರೆದ ಡೆಕ್‌ಗೆ ಚದರ ಮೀಟರಿಗೆ 30 ಕೆ.ಜಿ. ಸೇರಿಸಿ, ಆಗಲೂ ಅದು ಮಗುಚುವುದಿಲ್ಲ ಅಂತ ತೋರಿಸಬೇಕು. ನಿಯಮ ಬರೆದವರಿಗೆ ಮದುಮಗಳು ಕಾಣಲಿಲ್ಲ ನೋಡಿ.

ನಾನು ಮಂಗಳೂರಿನಲ್ಲಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಡೆಸ್ಕಿನ ಹಿರಿಯರೊಬ್ಬರು ಹೊಸ ಹುಡುಗರನ್ನೆಲ್ಲ ಬೆಳಗಿನ ಜಾವವೇ ಮೀನಿನ ದೋಣಿಗಳು ಬರುವ ಧಕ್ಕೆಗೆ ಅಟ್ಟುತ್ತಿದ್ದರು. ಸಮುದ್ರ ಹೇಗಿತ್ತು ಅಂತ ಯಾರನ್ನೂ ಕೇಳಬೇಡಿ ಅನ್ನುವುದು ಅವರ ಕಟ್ಟಪ್ಪಣೆ. ಕೇಳಿದರೆ ಎಲ್ಲರೂ “ಭಯಂಕರ ಮಾರಾಯ್ರೆ” ಅನ್ನುತ್ತಾರೆ, ಅಷ್ಟನ್ನೇ ಬರೆದುಕೊಂಡು ಬರುತ್ತೀರಿ ಅಂತ. ಗಾಳಿ ಎದ್ದಾಗ ನಿಮ್ಮ ಕೈಯಲ್ಲಿ ಏನಿತ್ತು ಅಂತ ಕೇಳಬೇಕು. ಬಲೆಯ ಹಗ್ಗವೋ, ಚಹಾದ ಲೋಟವೋ, ಪಕ್ಕದವನ ಅಂಗಿಯೋ. ಅದಿಲ್ಲದೆ ಬಂದ ವರದಿಯನ್ನು ಅವರು ಓದುತ್ತಲೇ ಇರಲಿಲ್ಲ, ಮಡಚಿ ವಾಪಸ್ ಕೊಡುತ್ತಿದ್ದರು. ಮುಂಗೋಪಿ ಮನುಷ್ಯ. ಆದರೆ ಬೈಗುಳದ ಜೊತೆ ಗೋಳಿಬಜೆಯನ್ನೂ ತಪ್ಪದೆ ಕೊಡಿಸುತ್ತಿದ್ದರು.

ಆ ಪ್ರಶ್ನೆಯನ್ನು ನಿಮ್ಮ ಐದನೇ ಪ್ಯಾರಾಕ್ಕೆ ಹಾಕಿ. “ಪವಾಡವೆಂಬಂತೆ ಹ್ಯಾರಿ ಎಡಮ್ ಒಬ್ಬ ಪಾರಾದ.” ಎಡಮ್ ಕೈಯಲ್ಲಿ ಏನಿತ್ತು? ರಾಸ್ ಕ್ಲೀವ್‌ಲ್ಯಾಂಡ್‌ನ ರೇಡಾರ್ ಮೇಲೆ ಕಟ್ಟಿದ ಮಂಜುಗಡ್ಡೆ ಕೆತ್ತುವುದಕ್ಕೆ ಹೋಗಿದ್ದ ಮನುಷ್ಯ ಅವನು. ಅದಕ್ಕೇ ಮೈತುಂಬ ನೀರು ತಾಗದ ದಪ್ಪ ಬಟ್ಟೆ ಇತ್ತು. ತೆಪ್ಪದಲ್ಲಿ ಜೊತೆಗಿದ್ದ ಇಬ್ಬರ ಮೈಮೇಲೆ ಅದಿರಲಿಲ್ಲ, ಚಳಿಗೆ ಸತ್ತರು. ಎಡಮ್ ದಡ ಸೇರಿ ಒಂದು ಖಾಲಿ ಮನೆಯ ಗೋಡೆ ಮರೆಯಲ್ಲಿ ನಿಂತುಕೊಂಡೇ ರಾತ್ರಿ ಕಳೆದ. ಕುರಿ ಕಾಯುವ ಹುಡುಗನ ಕಣ್ಣಿಗೆ ಬಿದ್ದ. ಇಷ್ಟೆಲ್ಲ ಇರುವಾಗ ಪವಾಡ ಯಾಕೆ ಬೇಕು?

ಇನ್ನು ಆರನೇ ಪ್ಯಾರಾ. “ವಿಧಿಯಾಟದ ಮುಂದೆ ಮನುಷ್ಯ ಎಷ್ಟು ಕುಬ್ಜ!” ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಮೂರು ಹಡಗುಗಳಲ್ಲಿ ಒಂದಾದ ಸೇಂಟ್ ರೊಮೇನಸ್ ಜನವರಿ 10ರಂದು ಹೊರಟಾಗ ಅದರಲ್ಲಿ ರೇಡಿಯೋ ಆಪರೇಟರ್ ಇರಲಿಲ್ಲ. ಅದರಿಂದ ಸುದ್ದಿ ನಿಂತುಹೋದರೂ ಹುಡುಕಾಟ ಶುರುವಾದದ್ದು 26ಕ್ಕೆ. ಆಪರೇಟರ್ ಇಲ್ಲದೆ ಹಡಗು ಕಳಿಸಿದ್ದು ವಿಧಿಯಾ? 1955ರ ಜನವರಿ 26ರಂದು ಇದೇ ಹಲ್‌ನ ಲೊರೆಲ್ಲಾ, ರೊಡೆರಿಗೊ ಎರಡೂ ಐಸ್‌ಲ್ಯಾಂಡಿನ ಉತ್ತರಕ್ಕೆ ಇದೇ ಮಂಜುಗಡ್ಡೆಯ ಭಾರಕ್ಕೆ ಮಗುಚಿ 40 ಜನ ಹೋಗಿದ್ದರು. ಅಂದರೆ ಹದಿಮೂರು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ಅಪಾಯ. ವಿಧಿ ಅಂದುಬಿಟ್ಟರೆ ಮಾಲೀಕರನ್ನು ಯಾರೂ ಏನೂ ಕೇಳುವ ಹಾಗಿಲ್ಲ. ನೀವು ಅವರಿಗೆ ಬಿಟ್ಟಿ ವಕಾಲತ್ತು ಮಾಡಿದ್ದೀರಿ, ಸುಮ್ನೆ.

ಅದರ ಬೆನ್ನಿಗೇ: “ದಡದಲ್ಲಿ ಹೆಂಗಸರ ಕಣ್ಣೀರು ಹೆಪ್ಪುಗಟ್ಟಿತು.” ಹೆಂಗಸರ ಬಗ್ಗೆ ಇಡೀ ಲೇಖನದಲ್ಲಿ ಇದೊಂದೇ ಸಾಲು. ಲಿಲಿಯನ್ ಬಿಲೋಕಾ ಹೆಸರೇ ಇಲ್ಲ! ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. ಗಂಡ, ಮಗ ಇಬ್ಬರೂ ಟ್ರಾಲರ್‌ಗೆ ಹೋಗುವವರು. ಹಲ್‌ನ ಮೀನುಗಾರರ ಕೇರಿಯಾದ ಹೆಸಲ್ ರೋಡಿನ ಹೆಂಗಸರನ್ನು ಸೇರಿಸಿ ಹತ್ತು ಸಾವಿರಕ್ಕೂ ಜಾಸ್ತಿ ಸಹಿ ಹಾಕಿಸಿದರು. ರೇಡಿಯೋ ಆಪರೇಟರ್ ಇಲ್ಲದ ಹಡಗಿಗೆ ತಾನೇ ಹತ್ತಿ ತಡೆಯಲು ಹೋದಾಗ ಪೊಲೀಸರು ಅವರನ್ನು ಹಿಡಿದೆಳೆದರು. ಲಂಡನ್ನಿಗೆ ಹೋಗಿ ಮಂತ್ರಿಗಳ ಎದುರು ಕೂತರು. ಪ್ರತಿ ಹಡಗಿಗೂ ಆಪರೇಟರ್, ಸರಿಯಾದ ಹವಾಮಾನ ಸುದ್ದಿ, ಹುಡುಗರಿಗೆ ತರಬೇತಿ, ವೈದ್ಯರಿರುವ ತಾಯಿಹಡಗು ಬೇಕು ಅಂತ ಪಟ್ಟು ಹಿಡಿದರು. ಒರ್ಸಿನೊ ಅನ್ನುವ ತಾಯಿಹಡಗು ಹೊರಟಿತು. ಬಿಲೋಕಾಗೆ ಬೆದರಿಕೆ ಪತ್ರ ಬಂದವು, ಕೆಲಸ ಹೋಯಿತು. ಇವರ ಕಣ್ಣೀರು ಹೆಪ್ಪುಗಟ್ಟಿತಾ? ಊರಿನ ಅರ್ಧ ಗಂಡಸರಿಗೇ ಇವರ ಬಾಯಿ ಕಂಡರೆ ಆಗುತ್ತಿರಲಿಲ್ಲ ಸ್ವಾಮಿ.

ಉಳಿದ ಪ್ಯಾರಾಗಳ ಬಗ್ಗೆ ಹೇಳುವುದಿಲ್ಲ, ನೀವೇ ನೋಡಿಕೊಳ್ಳಿ. ಕೊನೆಯ ಹದಿನಾಲ್ಕು ಸಾಲಿನ ಕವನ ಮಾತ್ರ ಕಿತ್ತುಹಾಕಿ. ಆ ಜಾಗ ಬಿಲೋಕಾಗೆ ಕೊಡಿ. ಯುಗಾದಿ ಸಂಚಿಕೆಯ ಪುಟಗಳು ಕಟ್ಟುವ ಮೊದಲು ಹೊಸ ಪ್ರತಿ ಬಂದರೆ ಓದುತ್ತೇನೆ. ತಲೆಬರಹ ಬದಲಾಯಿಸಿಯೇ ಕಳಿಸಿ.

ನಿಮ್ಮ,
ಸಂಪಾದಕ