ಪಕ್ಕದ ಲ್ಯಾಬಿನಿಂದ ತಂದ ಸೆಲ್ ಲೈನ್ ಅಸಲಿಯೇ ಎಂದು ನೋಡಲು ಯಾವ ಡೇಟಾಬೇಸ್ ಒಳ್ಳೆಯದು?

ಪಕ್ಕದ ಲ್ಯಾಬಿನವರು ಕೊಟ್ಟರು ಅಂದಿರಲ್ಲ, ಅಲ್ಲಿಗೇ ಎದೆ ಧಸಕ್ಕೆಂದಿತು. ನನಗೂ ಹಾಗೇ ಸಿಕ್ಕಿದ್ದು.

ನಾನು ಶಿರಸಿ ಕಡೆಯವನು. ಅಪ್ಪಯ್ಯನಿಂದ ಹಿಡಿದು ಮನೆಯಲ್ಲಿ ಎಲ್ಲರೂ ಕವಳ (ಎಲೆ-ಅಡಿಕೆ) ಹಾಕುವವರೇ. ಅದಕ್ಕೇ ಪಿಎಚ್‌ಡಿಗೆ ಬಾಯಿ ಕ್ಯಾನ್ಸರ್ ಹಿಡಿದೆ. ಮುರುಗಲು (ಕೋಕಂ) ಸಿಪ್ಪೆಯ ಸಾರ ಅದರ ಮೇಲೆ ಏನು ಮಾಡುತ್ತದೆ ನೋಡೋಣ ಅಂತ. ಕೆಬಿ ಎಂಬ ಸೆಲ್ ಲೈನ್ (ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸುತ್ತ ಹೋಗುವ ಜೀವಕೋಶಗಳು) ಸಿಕ್ಕಿತು. ಬಾಯಿ ಕ್ಯಾನ್ಸರಿನದ್ದು ಎಂದು ಕೊಟ್ಟರು, ನಂಬಿದೆ. ಎರಡು ವರ್ಷ ಹೋಯಿತು.

ಡೇಟಾಬೇಸ್ ನೋಡಿರಲಿಲ್ಲ ಅಂದುಕೊಳ್ಳಬೇಡಿ. ನೋಡಿದ್ದೆ! ತಪ್ಪಾಗಿದ್ದೇ ಅಲ್ಲಿ. ಲೇಖನಕ್ಕೆ ಗುರುತಿನ ನಂಬರು ಬೇಕಿತ್ತು. ಸೆಲ್ಲೋಸಾರಸ್ ತೆರೆದೆ (ಸ್ವಿಟ್ಜರ್ಲೆಂಡಿನದು, ಪುಕ್ಕಟೆ, ಲಕ್ಷಕ್ಕೂ ಜಾಸ್ತಿ ಸೆಲ್ ಲೈನ್ ಇವೆ). ಸಿವಿಸಿಎಲ್ ಎಂದು ಶುರುವಾಗುವ ನಂಬರು ಕಾಪಿ ಮಾಡಿದೆ, ಮುಚ್ಚಿದೆ. ಅದೇ ಪುಟದಲ್ಲಿ ಕೆಳಗೆ ಬರೆದಿತ್ತು: ಇದು ಸಮಸ್ಯೆಯ ಲೈನ್, ನಿಜಕ್ಕೂ ಹೀಲಾ. ಮೌಸ್ ಎರಡು ಬೆರಳು ಕೆಳಗೆಳೆದಿದ್ದರೆ ಸಾಕಿತ್ತು. ಪೋಸ್ಟರ್ ಮಾಡುವಾಗಲಾದರೂ ನೋಡಬಹುದಿತ್ತು. ಆಗ ನಂಬರನ್ನು ನನ್ನ ಹಳೆ ಫೈಲಿನಿಂದಲೇ ಎತ್ತಿ ಹಾಕಿದೆ, ಪುಟ ತೆರೆಯಲೂ ಇಲ್ಲ. ಹೀಲಾ ಅಂದರೆ 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗಡ್ಡೆಯಿಂದ ಬೆಳೆಸಿದ್ದು. ಬಾಯಿಗೂ ಅದಕ್ಕೂ ಎಂಥ ಸಂಬಂಧ ಮಾರಾಯ್ರೆ! ಅದು ಬೇರೆ ಲೈನುಗಳೊಳಗೆ ನುಗ್ಗಿದೆ ಎಂದು ಅಮೆರಿಕದ ತಳಿವಿಜ್ಞಾನಿ ಗಾರ್ಟ್ಲರ್ 1966ರಲ್ಲೇ ತೋರಿಸಿದ್ದರು. ನನಗೆ ಗೊತ್ತಾಗಿದ್ದು ಲೇಖನ ವಾಪಸ್ ಬಂದಾಗ. ಎರಡು ಅಧ್ಯಾಯ ಮತ್ತೆ ಮೊದಲಿಂದ.

ಹಾಗಾಗಿ ಯಾವ ಡೇಟಾಬೇಸ್ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಡೇಟಾಬೇಸಿಗೆ ಗೊತ್ತಿರುವುದು ಹೆಸರಿನ ಚರಿತ್ರೆ. ನಿಮ್ಮ ಫ್ಲಾಸ್ಕಿನೊಳಗೆ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ತೊಟ್ಟು ಮುರಿದು ಸೊನೆ ಮೂಸದೆ ಅಪ್ಪೆಮಿಡಿ ಕೊಳ್ಳುತ್ತೀರಾ? ಇಲ್ಲಿ ಸೊನೆ ಮೂಸುವುದು ಅಂದರೆ ಎಸ್‌ಟಿಆರ್ ಪರೀಕ್ಷೆ, ಸೆಲ್ಲಿನ ಡಿಎನ್‌ಎ ಬೆರಳಚ್ಚು ತೆಗೆದ ಹಾಗೆ. ಇಕ್ಲಾಕ್‌ನವರ (ಸೆಲ್ ಲೈನ್ ಅಸಲಿತನ ನೋಡುವ ಅಂತರರಾಷ್ಟ್ರೀಯ ಸಮಿತಿ) ತಪ್ಪು ಗುರುತಿನ ಪಟ್ಟಿಯಲ್ಲಿ ಹೆಸರು ಮೊದಲು ಹುಡುಕಿ, ಇದ್ದರೆ ಖರ್ಚೇ ಬೇಡ, ಆ ಸೆಲ್ ಬಿಟ್ಟುಬಿಡಿ. ಇಲ್ಲದಿದ್ದರೆ ಎಸ್‌ಟಿಆರ್ ಮಾಡಿಸಿ, ಬಂದ ಅಂಕಿಗಳನ್ನು ಸೆಲ್ಲೋಸಾರಸ್‌ನ ಕ್ಲಾಸ್ಟರ್ ಎಂಬ ಹೋಲಿಕೆ ಹುಡುಕುವ ಸಾಧನದಲ್ಲಿ ಹಾಕಿ. ಶೇಕಡಾ 80 ಅಥವಾ ಅದಕ್ಕಿಂತ ಜಾಸ್ತಿ ಹೊಂದಿದರೆ ಒಂದೇ ಮೂಲದ್ದು ಅಂತ ಲೆಕ್ಕ. ಗೈಡ್ ದುಡ್ಡಿಲ್ಲ ಅಂದರೆ ಜಗಳ ಮಾಡಿ. ಮುಂದಿನ ಸಲ ಪುಣೆಯ ಎನ್‌ಸಿಸಿಎಸ್‌ನಿಂದ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ತರಿಸಿ, ತರಿಸಿದ ಮೇಲೂ ಮಧ್ಯೆ ಮಧ್ಯೆ ಪರೀಕ್ಷಿಸಿ.

ಅಪ್ಪಯ್ಯ ಈಗಲೂ ಕವಳ ಜಗಿಯುತ್ತಲೇ ಕೇಳುತ್ತಾನೆ, "ಆ ಮುರುಗಲು ಕತೆ ಎಂತ ಆತು?"